ಸುಗ್ಗಿ ಭಾನುವಾರದ ಸಿವುಡು

ಸೆಪ್ಟೆಂಬರ್ 4, ಗುರುವಾರ. ಬೆಳಿಗ್ಗೆ

ಆರಕ್ಕೆ ಎದ್ದೆ. ಚಹಾ, ಸುಟ್ಟ ಬ್ರೆಡ್ಡು. ಬೆಣ್ಣೆ ಮುಗಿದಿದೆ. ಸಂತೆ ದಿನ.

ಹಿತ್ತಿಲ ಗೇಟಿಗೆ ಜೇಡರ ಬಲೆ, ಬಲೆ ತುಂಬ ಇಬ್ಬನಿ. ಹರಿಯೋಕೆ ಮನಸ್ಸಾಗಲಿಲ್ಲ, ಬಗ್ಗಿ ನುಸುಳಿ ಹೋದೆ. ಎಲೆ ಉದುರೋ ಕಾಲದ ಮೊದಲ ಗುರುತು. ಈ ವರ್ಷವೂ ನನ್ನ ಕಣ್ಣಿಗೇ ಮೊದಲು ಬಿದ್ದದ್ದು. ಇಲ್ಲಿ ಬರೆದಿಡುತ್ತಿದ್ದೇನೆ, ಐವರ್ ಗಫ್ ಆಮೇಲೆ ತಕರಾರು ತೆಗೆಯೋ ಹಾಗಿಲ್ಲ.

ಸಂತೆಯಲ್ಲಿ ಅವನ ತರಕಾರಿ ಅಂಗಡಿ ಮುಂದೆ ನಿಂತು ಹೇಳಿದೆ. ಕೋಸು ಜೋಡಿಸುತ್ತಾ ನಕ್ಕ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಾಗಿಂದ ನಗುತ್ತಲೇ ಇದ್ದಾನೆ.

"ಲೋ ಹೆಡ್ಲಿ, ಜೇಡ ಆಗಸ್ಟಲ್ಲೂ ಬಲೆ ಕಟ್ಟತ್ತೆ ಕಣೋ."

"ಆಗಸ್ಟಿನ ಜೇಡ ಬೇರೆ. ಇದರ ಹೊಟ್ಟೆ ನೋಡಬೇಕಿತ್ತು, ಥೇಟ್ ನಿನ್ನ ಹೊಟ್ಟೆ."

"ಕವಲುಬಾಲದ ಹಕ್ಕಿ ಹೊರಡೋವರೆಗೂ ಬೇಸಿಗೆನೇ. ಅಗೋ, ಇನ್ನೂ ತಂತಿ ಮೇಲಿವೆ."

ಇದ್ದವು, ನಿಜ. ಸಂತೆಕಟ್ಟೆ ಮೇಲಿನ ತಂತಿಯಲ್ಲಿ ಸಾಲಾಗಿ ಕೂತು, ಬಸ್ಸು ಕಾಯೋ ಅಜ್ಜಿಯರ ಹಾಗೆ ಗುಜುಗುಜು. ಅದು ಹೊರಡೋ ಮಾತೇ. ಐವರ್‌ಗೆ ಹಕ್ಕಿ ಮಾತು ಎಲ್ಲಿ ತಿಳಿಯಬೇಕು.

ಸೆಪ್ಟೆಂಬರ್ 9, ಮಂಗಳವಾರ

ಉದ್ದಕಾಲಿನ ನೊಣಗಳು ಮನೆ ಒಳಗೆ ಬರೋಕೆ ಶುರು. ಗೇನರ್ ಕಿರುಚಿದ್ದು ಹಿಂದಿನ ಬ್ರೆಡ್ಡು ಬಟ್ಟಿಮನೆವರೆಗೂ ಕೇಳಿಸಿತು. ತಂಗಿಯ ಮಗಳು. ನಲವತ್ತು ದಾಟಿದೆ, ಒಂದು ನೊಣಕ್ಕೆ ಕುರ್ಚಿ ಹತ್ತುತ್ತಾಳೆ. ಕುದುರೆಕಾಯಿ — ಮಕ್ಕಳು ದಾರಕ್ಕೆ ಕಟ್ಟಿ ಒಂದಕ್ಕೊಂದು ಹೊಡೆದಾಡಿಸೋ ಕಂದು ಕಾಯಿ — ನಾಲ್ಕು ಮೂಲೆಗೂ ಇಟ್ಟು ಬಂದೆ. ಜೇಡ ಬರಲ್ಲ ಅಂತಾರೆ. ನೊಣಕ್ಕೂ ನಡೆಯುತ್ತೆ ಅಂತ ನಾನು ಹೇಳಿದೆ. ನಂಬಿದಳು.

ನಾನು ಜೀವಮಾನವೆಲ್ಲ ಬ್ರೆಡ್ಡು ಮಾರಿದ ಅಂಗಡಿಯಲ್ಲೇ ಈಗ ಅವಳ ಪಾರ್ಲರ್. ಬೇಕರಿ ಮುಚ್ಚಿದ ದಿನ ಆರ್ಲ್‌ಬರಿಯ ಹೆಂಗಸರು ಅತ್ತರು. ಅದೇ ಹೆಂಗಸರು ಅದೇ ಜಾಗದಲ್ಲಿ ಈಗ ತಲೆ ತೊಳೆಸಿಕೊಂಡು ಕಿಲಕಿಲ ನಗುತ್ತಾರೆ. ಜನ ಅಂದ್ರೆ ಇಷ್ಟೇ. ಹಿಂದಿನ ಬಟ್ಟಿ ಮಾತ್ರ ನನ್ನದೇ. ವರ್ಷಕ್ಕೊಂದು ಸಲ ಉರಿಸುತ್ತೇನೆ, ಚರ್ಚಿನಲ್ಲಿ ಸುಗ್ಗಿ ಭಾನುವಾರಕ್ಕೆ ಇಡೋ ಬ್ರೆಡ್ಡಿನ ಸಿವುಡಿಗೆ.

ಇವತ್ತು ಕುರ್ಚಿಯಲ್ಲಿ ಕೂತಿದ್ದವರು ಮಿಸೆಸ್ ಬೆಡ್ಡೋಸ್. ಚರ್ಚಿನ ಹೂವು, ಮೇಣದಬತ್ತಿ, ಬೀಗದಕೈ ಎಲ್ಲ ಅವರ ಸುಪರ್ದಿ. ದೇವರೂ ಅವರ ಸುಪರ್ದಿಯಲ್ಲೇ ಅನ್ನೋ ಹಾಗೆ ನಡೀತಾರೆ.

"ಮಿಸ್ಟರ್ ಪ್ರಾಬರ್ಟ್, ಈ ಸಲವೂ ನೀವೇ ಮಾಡ್ತೀರಾ? ಬೈಪಾಸಿನ ಹತ್ರ ಇರೋ ಸೂಪರ್‌ಮಾರ್ಕೆಟ್ಟಿನವರು ಒಂದು ಕೊಡ್ತೀವಿ ಅಂದಿದಾರೆ. ವಯಸ್ಸಾಯ್ತು, ಸುಮ್ನೆ ಯಾಕೆ ಒದ್ದಾಡ್ತೀರಿ."

"ಯಾರಿಗೆ ವಯಸ್ಸಾಯ್ತು?"

"ಎಲ್ಲರಿಗೂ ಆಗತ್ತಲ್ಲ."

"ನಿಮಗೆ ಆಗಿರಬೇಕು. ಕೂದಲ ಬುಡ ಬೆಳ್ಳಗೆ ಕಾಣ್ತಿದೆ. ಗೇನರ್, ಅಲ್ಲಿ ಇನ್ನೊಂದು ಸಲ ಬಳಿಯಮ್ಮ."

ಗೇನರ್ ಕನ್ನಡಿಯಲ್ಲೇ ನನ್ನ ಕಡೆ ಕಣ್ಣು ಬಿಟ್ಟಳು. ನಾನು ನಿಲ್ಲಿಸಲಿಲ್ಲ. ಈ ಸಲದ ಸಿವುಡು ಹೋದ ವರ್ಷದ್ದಕ್ಕಿಂತ ದೊಡ್ಡದು, ಪೀಠದ ಮೇಲೆ ಇಟ್ಟರೆ ಹಿಂದೆ ನಿಂತ ಪಾದ್ರಿಯಮ್ಮ ಕಾಣಬಾರದು, ಹಾಗೆ ಮಾಡ್ತೀನಿ ಅಂದೆ. ಕೂತ ಗಿರಾಕಿಗಳೆಲ್ಲ ಕೇಳಿಸಿಕೊಂಡರು. ಇನ್ನು ಸಂಜೆಯೊಳಗೆ ಊರಿಗೆಲ್ಲ ಗೊತ್ತು.

ಗೊತ್ತಾಗಲಿ. ನಾದಿದ ಹಿಟ್ಟಿನಲ್ಲೇ ಗೋಧಿ ಕಡ್ಡಿ, ಅದರ ಮೇಲೆ ತೆನೆ, ನಡುವಿಗೆ ಕಟ್ಟು — ಹೊಲದಿಂದ ಈಗ ತಾನೇ ಹೊತ್ತು ತಂದ ಸಿವುಡೇ ಅನ್ನಬೇಕು. ತಿನ್ನೋಕಲ್ಲ, ಉಪ್ಪು ಸುರಿದಿರುತ್ತೇನೆ, ಬರೀ ನೋಡೋಕೆ. ಅಪ್ಪ ನನ್ನ ಕೈ ಮೇಲೆ ತನ್ನ ಕೈ ಇಟ್ಟು ಕಲಿಸಿದ್ದು. ಇಲ್ಲಿಂದ ಹೆರೆಫರ್ಡ್‌ವರೆಗೆ ಇಂಥ ಕೈ ಇನ್ನೊಂದಿಲ್ಲ. ಬೇಕಾದರೆ ಹುಡುಕಿಕೊಂಡು ಬರಲಿ.

ಸೆಪ್ಟೆಂಬರ್ 13, ಶನಿವಾರ

ಹೊಳೆ ಮೇಲೆ ಮಂಜು, ಹತ್ತು ಗಂಟೆವರೆಗೂ ಏಳಲಿಲ್ಲ. ಸೇತುವೆ ಅರ್ಧ ಇತ್ತು, ಅರ್ಧ ಇರಲಿಲ್ಲ. ಎದುರು ದಿಬ್ಬದ ಹೊಲ ಕೊಯ್ದು ಕೂಳೆ ಮಾತ್ರ ಉಳಿದಿದೆ, ಮೇಲೆಲ್ಲ ಕಾಗೆ.

ನಾಳೆ ಐವರ್ ಜತೆ ಬೇಲಿ ಸಾಲಿಗೆ, ಡ್ಯಾಮ್ಸನ್ ಹಣ್ಣು ಕೀಳೋಕೆ. ಏಣಿ ನಂದು, ಬುಟ್ಟಿ ಅವನದು.

ಸೆಪ್ಟೆಂಬರ್ 18, ಗುರುವಾರ

ಎಡಗೈ. ಕಾಗೆ ಕಾಲು, ಗುಬ್ಬಿ ಕಾಲು.

ಬಲಗೈ ಮುರಿದಿದೆ. ಮಣಿಕಟ್ಟು. ಏಣಿಯ ತಪ್ಪು.

ಸೆಪ್ಟೆಂಬರ್ 19, ಶುಕ್ರವಾರ

ನಡೆದದ್ದು ಇಷ್ಟು. ತುದಿ ಕೊಂಬೆಯ ಹಣ್ಣು ಯಾರಿಗೂ ಎಟುಕಲ್ಲ ಅಂತ ಐವರ್ ಅಂದ. ಎಟುಕಿತು. ಹಣ್ಣು ಕೈಗೆ ಸಿಕ್ಕಿದ ಮೇಲೆಯೇ ಬಿದ್ದದ್ದು. ಊರೆಲ್ಲ ಬಿದ್ದ ಕಥೆ ಹೇಳ್ತಾರೆ, ಹಣ್ಣು ಸಿಕ್ಕಿದ್ದು ಒಬ್ಬನೂ ಹೇಳಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಪ್ಲಾಸ್ಟರ್ ಹಾಕಿ, ಎಲೆ ಪೂರ್ತಿ ಉದುರೋವರೆಗೂ ಬಿಚ್ಚೋ ಹಾಗಿಲ್ಲ ಅಂದಳು. ಸುಗ್ಗಿ ಭಾನುವಾರ ಇದೆ ಅಂದೆ. ದೇವರು ಅರ್ಥ ಮಾಡ್ಕೋತಾನೆ ಅಂದಳು. ದೇವರು ಮಾಡ್ಕೋಬಹುದು. ಮಿಸೆಸ್ ಬೆಡ್ಡೋಸ್?

ಇನ್ನೊಂದು. ನಾನು ಎಕ್ಸ್‌ರೇ ಕೋಣೆಯಲ್ಲಿದ್ದಾಗ ಕವಲುಬಾಲದ ಹಕ್ಕಿಗಳು ಹೊರಟು ಹೋದವು. ನನ್ನ ಬಿಟ್ಟು ವಾಪಸು ಹೋದ ಐವರ್ ನೋಡಿದನಂತೆ. ಇದನ್ನು ಲೆಕ್ಕಕ್ಕೆ ತಗೊಳ್ಳಲ್ಲ. ತಂತಿ ಖಾಲಿ ಖಾಲಿ, ನೋಡೋಕೆ ಒಂಥರಾ.

ಸೆಪ್ಟೆಂಬರ್ 20, ಶನಿವಾರ

ಮಿಸೆಸ್ ಬೆಡ್ಡೋಸ್ ಬಂದಿದ್ದರು. ಕೈಯಲ್ಲಿ ತಿಳಿ ನೇರಳೆ ಡೇಸಿ ಹೂವು, ಮುಖದಲ್ಲಿ ಮರುಕ. ಮರುಕ ನೋಡಿದರೇ ನನಗೆ ಜ್ವರ ಬರುತ್ತೆ.

"ಛೆ, ಪಾಪ. ಇನ್ನು ಸಿವುಡಿನ ಯೋಚನೆ ಬಿಡಿ. ಸೂಪರ್‌ಮಾರ್ಕೆಟ್ಟಿಗೆ ಇವತ್ತೇ ಫೋನ್ ಮಾಡ್ತೀನಿ."

"ಮಾಡಬೇಡಿ."

"ಮತ್ತೆ?"

"ಪ್ರಾಬರ್ಟ್ ಮನೆ ಸಿವುಡು ಚರ್ಚಿಗೆ ಬಂದೇ ಬರುತ್ತೆ."

"ಈ ಕೈಲಿ?"

"ಇನ್ನೊಂದು ಕೈ ಇದೆಯಲ್ಲ. ನಿಮ್ಮ ಸೂಪರ್‌ಮಾರ್ಕೆಟ್ಟಿನವರಿಗೆ ಎರಡಿದ್ದೂ ಬರಲ್ಲ."

ಬಾಯಿ ತಪ್ಪಿ ಬಂದುಬಿಟ್ಟಿತು. ಬಂದದ್ದನ್ನ ವಾಪಸು ತಗೊಂಡು ಅಭ್ಯಾಸ ಇಲ್ಲ.

ಅವರು ಹೋದ ಮೇಲೆ ತುಂಬ ಹೊತ್ತು ಹೂವು ನೋಡುತ್ತಾ ಕೂತಿದ್ದೆ. ಒಂದು ವರ್ಷ ತಪ್ಪಿದರೆ ಮುಗೀತು. ಮುಂದಿನ ವರ್ಷ ಯಾರೂ ಕೇಳೋದೇ ಇಲ್ಲ. ಲಾರಿಯಲ್ಲಿ ಬರುತ್ತೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.

ಸೆಪ್ಟೆಂಬರ್ 21, ಭಾನುವಾರ

ಗೇನರ್ ಹೊರಗೆ ಹೋದ ಹೊತ್ತು ನೋಡಿ ಬಟ್ಟಿಮನೆಗೆ ಹೋದೆ. ಒಂದೇ ಕೈಲಿ ನಾದಿದೆ. ಮೊಣಕೈಯಲ್ಲಿ ನಾದಿದೆ. ಹಿಟ್ಟಿನ ಪಾತ್ರೆ ಎರಡು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ನಾದಿದೆ. ಕಡ್ಡಿ ಹೊಸೆದರೆ ಹಾವಾಯಿತು. ತೆನೆ ಮಾಡಿದರೆ ಆಲೂಗಡ್ಡೆ. ಹಂದಿ ಬಂದು ಕೂತೆದ್ದ ಸಿವುಡು.

ಬಾಗಿಲಲ್ಲಿ ಗೇನರ್. ಎಷ್ಟು ಹೊತ್ತಿಂದ ನಿಂತಿದ್ದಳೋ.

"ಮಾಮ, ಹುಬ್ಬಿಗೆಲ್ಲ ಹಿಟ್ಟು ಮೆತ್ಕೊಂಡಿದೆ."

"ಬೇಕಂತಲೇ ಮೆತ್ಕೊಂಡಿದೀನಿ."

"ನನ್ನ ಯಾಕೆ ಕರೀಲಿಲ್ಲ?"

"ನೀನು ತಲೆ ಕತ್ತರಿಸೋಳು."

"ಕೂದಲು, ಮಾಮ. ತಲೆ ಅಲ್ಲ."

"ಬ್ರೆಡ್ಡಿಗೆ ಬೇರೆ ಕೈ ಬೇಕು."

ಕೋಟು ತೆಗೆದು ಮೊಳೆಗೆ ಹಾಕಿದಳು. ತೋಳು ಮಡಚಿದಳು. ಹಿಟ್ಟನ್ನು ನನ್ನ ಮೊಣಕಾಲ ನಡುವಿಂದ ಎತ್ತಿಕೊಂಡು ಮೂಸಿ ನೋಡಿದಳು.

"ಬೆಳಗಿಂದ ಸಂಜೆವರೆಗೆ ಈ ಕೈಲೇ ಊರಿನ ತಲೆ ತಿಕ್ಕೋದು. ಮಿಸೆಸ್ ಬೆಡ್ಡೋಸ್ ತಲೆಗಿಂತ ಈ ಹಿಟ್ಟು ಗಟ್ಟಿ ಇಲ್ಲ ಬಿಡು."

ನಗು ತಡೆಯೋಕೆ ಆಗಲಿಲ್ಲ. ಕರಾರು ಆಯಿತು. ಕೈ ಅವಳದು, ತಲೆ ನನ್ನದು. ಯಾರಿಗೂ ಹೇಳೋ ಹಾಗಿಲ್ಲ. ಸೋಮವಾರ ಪಾರ್ಲರಿಗೆ ರಜೆ, ಆವತ್ತೇ ಕೆಲಸ.

"ಯಾರಿಗೂ ಅಂದ್ರೆ ಯಾರಿಗೂ?" ಅಂದಳು.

"ಐವರ್‌ಗಂತೂ ಇಲ್ಲವೇ ಇಲ್ಲ."

ಹಿಟ್ಟನ್ನು ಹಲಗೆ ಮೇಲೆ ಹಾಕುತ್ತಾ, ಸರಿ ಅಂದಳು.

ಸೆಪ್ಟೆಂಬರ್ 22, ಸೋಮವಾರ

ಮೊದಲ ಪಾಠ. ಕಿಟಕಿಗೆ ಗೋಣಿಚೀಲ ಕಟ್ಟಿದೆ.

ಚೆನ್ನಾಗಿ ನಾದುತ್ತಾಳೆ. ಅವಳಿಗೆ ಹೇಳಲಿಲ್ಲ. ಹಾಗಲ್ಲ ಹೀಗೆ, ಹೀಗಲ್ಲ ಹಾಗೆ ಅಂತ ಹೇಳುತ್ತಲೇ ಇದ್ದೆ. ತೆನೆಯ ಮೇಲೆ ಕತ್ತರಿ ತುದಿಯಿಂದ ಸಣ್ಣ ಸಣ್ಣದಾಗಿ ಚಿವುಟಬೇಕು, ಕಾಳು ಎದ್ದು ನಿಲ್ಲೋ ಹಾಗೆ. ಅಪ್ಪನ ಕತ್ತರಿ ಕೊಟ್ಟೆ. ಮೊಂಡು ಅಂದಳು. ತನ್ನ ಪಾರ್ಲರಿನ ಕತ್ತರಿ ತರ್ತೀನಿ ಅಂದಳು. ಕೂದಲು ಕತ್ತರಿಸಿದ್ದು ದೇವರ ಬ್ರೆಡ್ಡಿಗಾ, ಥೂ ಅಂದೆ.

"ತೊಳೆದು ತರ್ತೀನಿ, ಮಾಮ."

"ಇದೇ ಇರಲಿ. ಅಪ್ಪನದು."

ಅದರಲ್ಲೇ ಮಾಡಿದಳು. ಹೆಬ್ಬೆರಳು ಕೆಂಪಾಯಿತು.

ಹೊರಗೆ ಗಾಳಿ ತಿರುಗಿದೆ. ಸೇಬು ತೋಟಗಳ ಕಡೆಯಿಂದ ಹುಳಿ ಹುಳಿ ವಾಸನೆ. ಉದುರಿದ ಹಣ್ಣಿನ ಸುತ್ತ ಕಣಜಗಳು ಮತ್ತೇರಿ ಹಾರೋಕೂ ಆಗದೆ ಉರುಳಾಡುತ್ತಿವೆ. ಐವರ್ ಪಬ್ಬಿನಿಂದ ಮನೆಗೆ ಹೋಗೋದೂ ಹೀಗೇ.

ಸೆಪ್ಟೆಂಬರ್ 25, ಗುರುವಾರ

ಸಂತೆಗೆ ಕುಂಬಳ ಬಂದಿದೆ. ಬೀಚ್ ಮರದ ತುದಿಯಲ್ಲಿ ಕಂಚಿನ ಬಣ್ಣ. ನಾನೇ ಮೊದಲು ತೋರಿಸಿದ್ದು. ಐವರ್‌ಗೆ ಕಾಣಿಸಲಿಲ್ಲ, ಕನ್ನಡಕ ಮರೆತಿದ್ದ. ಇದನ್ನ ಲೆಕ್ಕಕ್ಕೆ ತಗೊಳ್ಳುತ್ತೇನೆ.

ಮೂರು ಜನ ಕೇಳಿದರು, ಸಿವುಡು ಹೆಂಗೆ ನಡೀತಿದೆ ಅಂತ. ಇನ್ನೂ ದೊಡ್ಡದು ಮಾಡ್ತಿದೀನಿ ಅಂದೆ. ಹೇಳ್ತಾ ಹೇಳ್ತಾ ಕೈ ಅಗಲಿಸಿದೆ, ಪ್ಲಾಸ್ಟರ್ ಹೋಗಿ ಹೂಕೋಸಿಗೆ ಬಡೀತು.

ಸೆಪ್ಟೆಂಬರ್ 29, ಸೋಮವಾರ. ಮೈಕಲ್ ಹಬ್ಬ. ಮಧ್ಯಾಹ್ನ

ಬೆಳಿಗ್ಗೆಯೇ ಹೋಗಿ ಕೊನೆಯ ಬ್ಲ್ಯಾಕ್‌ಬೆರಿ ಕಿತ್ತೆವು. ಇವತ್ತು ಕಳೆದರೆ ಸೈತಾನ ಅದರ ಮೇಲೆ ಉಗೀತಾನೆ, ಆಮೇಲೆ ಈ ಊರಲ್ಲಿ ಯಾರೂ ಮುಟ್ಟಲ್ಲ. ಗೇನರ್ ತುಟಿಯೆಲ್ಲ ನೇರಳೆ.

ಬಟ್ಟಿ ಉರಿಯುತ್ತಿದೆ. ಸಿವುಡು ಹಲಗೆ ಮೇಲೆ ಸಿದ್ಧ. ಬಟ್ಟಿ ಬಾಗಿಲಿನಷ್ಟೇ ಅಗಲ, ಎರಡು ಕಡೆ ಒಂದೊಂದು ಬೆರಳು ಬಿಟ್ಟು. ನಾನು ಹೇಳಿದ ಅಳತೆ.

"ಮಾಮ, ಇಷ್ಟು ದೊಡ್ಡದು ಬೇಡ ಅನ್ಸತ್ತೆ."

"ಊರಿಗೆಲ್ಲ ಹೇಳಿ ಆಗಿದೆ."

"ಒಳಗೆ ಹೋಗತ್ತೆ. ಆದರೆ —"

"ಹೋಗುತ್ತೆ ಅಲ್ವಾ? ತಳ್ಳು."

ಅದೇ ದಿನ, ಸಂಜೆ

ಇವತ್ತು ಬರೆಯೋದಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಉಬ್ಬಿತು.

ಜೀವಮಾನವೆಲ್ಲ ಬಟ್ಟಿ ಮುಂದೆ ನಿಂತವನು. ಹಿಟ್ಟು ಬಟ್ಟಿಯಲ್ಲಿ ಉಬ್ಬುತ್ತೆ ಅಂತ ಊರಿನ ಕೂಸಿಗೂ ಗೊತ್ತು. ಒಳಗೆ ಹೋಗುವಾಗ ಬಾಗಿಲಿನಷ್ಟು, ಆಮೇಲೆ ಬಾಗಿಲಿಗಿಂತ ದಪ್ಪ. ಹೊಂಬಣ್ಣ ಬಂದು, ತೆನೆ ಎಲ್ಲ ನಿಂತು, ಎಂಥ ಚೆಂದ ಇತ್ತು ಅಂದರೆ... ಹೊರಗೆ ಬರಲಿಲ್ಲ. ಓರೆ ಮಾಡಿದೆವು. ತಿರುಗಿಸಿದೆವು. ನಾನು ತಾಳ್ಮೆ ಕೆಟ್ಟು ಎಡಗೈಲಿ ಜಗ್ಗಿದೆ. ನಡುವಿಗೆ ಮುರೀತು. ಗೇನರ್ ಮಣಿಕಟ್ಟಿಗೆ ಬಟ್ಟಿ ಬಾಗಿಲು ತಾಗಿ ಸುಟ್ಟಿತು. ಅವಳು ಕಿರುಚಲಿಲ್ಲ. ನೊಣಕ್ಕೆ ಕಿರುಚೋಳು.

"ಆದರೆ" ಅಂದಳಲ್ಲ ನಿನ್ನೆ. ಅದರ ಮುಂದಿನ ಮಾತು ಕೇಳಬೇಕಿತ್ತು.

ಬೆಳಿಗ್ಗೆ ಫೋನ್ ಹತ್ತಿರ ಹೋದೆ, ಮಿಸೆಸ್ ಬೆಡ್ಡೋಸ್‌ಗೆ ಹೇಳಿಬಿಡೋಣ ಅಂತ, ಲಾರಿಯಲ್ಲೇ ತರಿಸಿಕೊಳ್ಳಿ ಅಂತ. ಗೇನರ್ ಹಿಂದೆಯೇ ಬಂದಳು.

"ಫೋನ್ ಮುಟ್ಟಿದ್ರೆ ಇನ್ನೊಂದು ಕೈನೂ ಮುರೀತೀನಿ."

"ಮುಗೀತು ಕಣಮ್ಮ. ಇನ್ನು ಸೋಮವಾರ ಎಲ್ಲಿದೆ?"

"ಶುಕ್ರವಾರ ಮಧ್ಯಾಹ್ನ ಪಾರ್ಲರ್ ಮುಚ್ತೀನಿ."

"ಊರು ಏನಂದ್ಕೊಳ್ಳತ್ತೆ?"

"ಊರು ಏನಾದ್ರೂ ಅಂದ್ಕೊಳ್ಳತ್ತೆ, ಮಾಮ. ಈ ಸಲ ಅಳತೆ ನಂದು. ಕತ್ತರಿನೂ ನಂದು. ಒಪ್ಪಿಗೆನಾ?"

ಹೂಂ ಅಂದೆ. ಕಿವಿಗೆ ಬೀಳದ ಹಾಗೆ ಅಂದೆ.

"ಕೇಳಿಸ್ಲಿಲ್ಲ."

"ಹೂಂ ಅಂದ್ನಲ್ಲ!"

ಅಕ್ಟೋಬರ್ 3, ಶುಕ್ರವಾರ. ಸಂಜೆ

ಇದನ್ನು ನಿಧಾನವಾಗಿ ಬರೀಬೇಕು. ಎಡಗೈ ಈಗ ಪಳಗಿದೆ. ಇಷ್ಟು ಬೇಗ ಬೇರೆ ಯಾರಿಗೂ ಪಳಗಲ್ಲ.

ಮಧ್ಯಾಹ್ನ ಪಾರ್ಲರ್ ಬಾಗಿಲಿಗೆ ಬೀಗ ಹಾಕಿ ಬಂದಳು. ಬಟ್ಟಿಮನೆಯಲ್ಲಿ ನಾನು ಆಗಲೇ ಸ್ಟೂಲು ಹಾಕಿಕೊಂಡು ಕೂತಿದ್ದೆ. ಸ್ಟೂಲನ್ನು ನನ್ನ ಸಮೇತ ಬಾಗಿಲ ಕಡೆ ತಿರುಗಿಸಿದಳು.

"ನೀನು ಹೊರಗೆ ನೋಡು. ಅಲ್ಲಿ ಏನೇನು ಕಾಣತ್ತೋ ಹೇಳ್ತಾ ಇರು. ಹಿಟ್ಟಿನ ಸುದ್ದಿ ಬೇಡ."

"ನನ್ನ ಬಟ್ಟಿಮನೇಲಿ ನನಗೇ —"

"ಏನು ಕಾಣ್ತಿದೆ?"

ಏನು ಮಾಡೋದು. ಹೇಳಿದೆ. ಬೆಡ್ಡೋಸ್ ಮನೆ ಬೀಚ್ ಮರ ಪೂರ್ತಿ ಕಂಚಾಗಿದೆ. ಬೇಲಿಯಲ್ಲಿ ಕಾಡುಗುಲಾಬಿ ಕಾಯಿ ಕೆಂಪು. ಒಂದು ನೀಲಿರೆಕ್ಕೆಯ ಜೇ ಹಕ್ಕಿ ಬಾಯಿ ತುಂಬ ಓಕ್ ಕಾಯಿ ತುರುಕಿಕೊಂಡು ಹೋಗುತ್ತಿದೆ, ಎಲ್ಲಿ ಹೂತಿಟ್ಟೆ ಅಂತ ಮರೆತು ಬಿಡುತ್ತೆ, ಐವರ್ ಥರ. ಮೂಲೆ ಮನೆಯವರು ಈ ವರ್ಷದ ಮೊದಲ ಬೆಂಕಿ ಹಾಕಿದ್ದಾರೆ, ಹೊಗೆ ನೇರ ಮೇಲೆ ಹೋಗುತ್ತಿಲ್ಲ, ಮಾಡಿನ ಮೇಲೇ ಮಲಗಿದೆ. ರಾಬಿನ್ ಹಕ್ಕಿ ಹಾಡುತ್ತಿದೆ, ಬೇಸಿಗೆಯ ಹಾಡಲ್ಲ, ತೆಳ್ಳಗಿನ ದಾರದಂಥದ್ದು. ಕೇಳಿಸ್ತಾ? ಕೇಳಿಸ್ತು ಅಂದಳು.

ಅವಳ ಕಡೆಯಿಂದ ಕತ್ತರಿ ಸದ್ದು. ಚಿಕ್ ಚಿಕ್ ಚಿಕ್. ಅಪ್ಪನ ಕತ್ತರಿ ಯಾವತ್ತೂ ಹೀಗೆ ಮಾತಾಡಿದ್ದಿಲ್ಲ.

ಮಾತು ನಿಲ್ಲಿಸದೇನೇ ಕತ್ತು ತಿರುಗಿಸಿದೆ.

ಒಂದೊಂದು ತೆನೆಯನ್ನೂ ಎಡಗೈ ಬೆರಳಲ್ಲಿ ಎತ್ತಿ ಹಿಡಿದು ಚಿವುಟುತ್ತಿದ್ದಳು, ಯಾರದೋ ಕೂಸಿನ ಮುಂಗೂದಲು ಕತ್ತರಿಸೋ ಹಾಗೆ. ತೆನೆಗಳು ಎಲ್ಲ ಒಂದೇ ಕಡೆ ನೋಡುತ್ತಿರಲಿಲ್ಲ. ಕೆಲವು ಬಾಗಿದ್ದವು, ಒಂದೆರಡು ಹೊರಳಿದ್ದವು — ಹೊಲದಲ್ಲಿ ಇರೋ ಹಾಗೇ. ನನ್ನವು ಯಾವಾಗಲೂ ಸಿಪಾಯಿ ಸಾಲು. ಅಪ್ಪನವೂ. ನಡುವಿನ ಕಟ್ಟಿಗೆ ನಾವು ಬರೀ ಮೂರೆಳೆ ಹೊಸೀತಿದ್ದೆವು. ಇವಳು ಜಡೆ ಹಾಕಿದಳು. ಸಾವಕಾಶವಾಗಿ, ಎಳೆ ಮೇಲೆ ಎಳೆ, ಪಕ್ಕದಿಂದ ಸ್ವಲ್ಪ ಸ್ವಲ್ಪ ಸೇರಿಸಿಕೊಳ್ಳುತ್ತಾ. ನಾಲಿಗೆ ತುದಿ ಹೊರಗೆ. ಸುಟ್ಟ ಮಣಿಕಟ್ಟಿಗೆ ಪಟ್ಟಿ.

"ಯಾಕೆ ಸುಮ್ಮನಾದೆ, ಮಾಮ? ಹೊರಗೆ ಏನೂ ಇಲ್ವಾ?"

"ಇದೆ," ಅಂದೆ. "ಎಲೆ ಬೀಳ್ತಿದೆ."

ಒಂದೂ ಬೀಳುತ್ತಿರಲಿಲ್ಲ. ಗಾಳಿಯೇ ಇರಲಿಲ್ಲ.

ಮೊಟ್ಟೆ ಬಳಿದಳು. ಒಳಗೆ ಇಟ್ಟಳು. ಉಬ್ಬಿತು. ಬಾಗಿಲಿನಿಂದ ಸಲೀಸಾಗಿ ಹೊರಗೆ ಬಂತು, ಬೆಕ್ಕು ಬರೋ ಹಾಗೆ. ಹೇಗಿದೆ ಅಂತ ಅವಳು ಕೇಳಲಿಲ್ಲ. ಪರವಾಗಿಲ್ಲ ಅಂದೆ ಅಷ್ಟೇ.

ಅಕ್ಟೋಬರ್ 4, ಶನಿವಾರ

ಐವರ್‌ನ ವ್ಯಾನಿನಲ್ಲಿ, ಹೂಕೋಸಿನ ಡಬ್ಬಗಳ ನಡುವೆ, ಬಿಳಿ ದುಪ್ಪಟಿ ಹೊದಿಸಿ ಸಿವುಡು ಚರ್ಚಿಗೆ ಹೋಯಿತು. ಗೇನರ್ ಹಿಂದೆ ಕೂತು ಹಿಡಿದುಕೊಂಡಿದ್ದಳು. ಐವರ್ ಇವತ್ತು ಹೊಂಡ ತಪ್ಪಿಸಿಕೊಂಡು ಓಡಿಸಿದ. ವಿಚಿತ್ರ. ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಒಂದೂ ತಪ್ಪಿಸಿರಲಿಲ್ಲ.

ಚರ್ಚು ತುಂಬ ಕುಂಬಳ, ಈರುಳ್ಳಿ ಗೊಂಚಲು, ಡಬ್ಬಿ ಹಣ್ಣು, ಕಿಟಕಿ ಕಿಟಕಿಗೂ ಸೇಬು. ಮಿಸೆಸ್ ಬೆಡ್ಡೋಸ್ ದುಪ್ಪಟಿ ಎತ್ತಿ ನೋಡಿದರು. ತುಂಬ ಹೊತ್ತು ನೋಡಿದರು. ಬಗ್ಗಿ, ಕನ್ನಡಕ ಏರಿಸಿ.

"ಮಿಸ್ಟರ್ ಪ್ರಾಬರ್ಟ್. ಇದನ್ನ ನೀವು ಒಂದೇ ಕೈಲಿ ಮಾಡಿದ್ರಾ?"

"ಪ್ರಾಬರ್ಟ್ ಮನೇದು ಒಂದು ಕೈ ಸಾಕು."

ಸುಳ್ಳಲ್ಲ. ಗೇನರ್‌ಳ ತಾಯಿ ಪ್ರಾಬರ್ಟ್ ಮನೆಯವಳೇ. ಆದರೆ ಗೇನರ್ ಅಲ್ಲೇ ನಿಂತಿದ್ದಳು. ದುಪ್ಪಟಿ ಮಡಚುತ್ತಿದ್ದಳು, ಅಂಚಿಗೆ ಅಂಚು ಕೂಡಿಸಿ. ಊಟಕ್ಕೆ ಕುರಿಮಾಂಸದ ಪೈ ಮಾಡಿದ್ದಳು, ಚೆನ್ನಾಗಿತ್ತು, ಅರ್ಧ ತಟ್ಟೆಯಲ್ಲೇ ಬಿಟ್ಟೆ.

ಕರಾರು ಕರಾರೇ ಅಲ್ಲವಾ? ಅವಳೇ ಸರಿ ಅಂದಿದ್ದು.

ಅಕ್ಟೋಬರ್ 5, ಭಾನುವಾರ. ಮಧ್ಯಾಹ್ನ

ಚರ್ಚು ಕಿಕ್ಕಿರಿದಿತ್ತು. ಕಿಟಕಿಯಿಂದ ಬಂದ ಬಿಸಿಲು ಸೀದಾ ಸಿವುಡಿನ ಮೇಲೆ. ಪಾದ್ರಿಯಮ್ಮ ಹಿಂದೆ ನಿಂತರೆ ಪೂರ್ತಿ ಕಾಣುತ್ತಿದ್ದರು. ಅದೇ ಸರಿಯಾದ ಅಳತೆ ಅಂತ ಆಗ ಅನ್ನಿಸಿತು.

ಹಾಡು ಮುಗಿದ ಮೇಲೆ ಪಾದ್ರಿಯಮ್ಮ ಅಂದರು, "ಕೈ ಮುರ್ಕೊಂಡೂ ಮಾತು ಉಳಿಸ್ಕೊಂಡಿದಾರೆ ನಮ್ಮ ಹೆಡ್ಲಿ ಪ್ರಾಬರ್ಟ್. ಎದ್ದು ನಿಲ್ಲಿ ಹೆಡ್ಲಿ, ಎಲ್ಲರೂ ನೋಡಲಿ."

ಎದ್ದು ನಿಂತೆ. ಚಪ್ಪಾಳೆ. ನಾನು ತಲೆ ಬಾಗಿಸಿದೆ ಕೂಡ. ಬಲಕ್ಕೊಮ್ಮೆ, ಎಡಕ್ಕೊಮ್ಮೆ.

ಎಡಕ್ಕೆ ಬಾಗಿದಾಗ ಕಂಡಿತು. ಗೇನರ್ ಕೂಡ ಚಪ್ಪಾಳೆ ತಟ್ಟುತ್ತಿದ್ದಳು. ಮನಸಾರೆ. ಸುಟ್ಟ ಮಣಿಕಟ್ಟಿನ ಪಟ್ಟಿ ಅಂಗಿ ತೋಳಿನೊಳಗಿಂದ ಇಣುಕುತ್ತಿತ್ತು.

ಬೇರೆ ಏನಾಗಿದ್ದರೂ ತಡೀತಿದ್ದೆ. ಮುಖ ಸಿಂಡರಿಸಿದ್ದರೆ ನಾನೂ ಸಿಂಡರಿಸುತ್ತಿದ್ದೆ.

ಪ್ಲಾಸ್ಟರ್ ಕೈ ಎತ್ತಿದೆ. "ನಿಲ್ಲಿಸಿ," ಅಂದೆ. ಧ್ವನಿ ದೊಡ್ಡದಾಯಿತು, ಸಂತೆಯಲ್ಲಿ ಕೂಗಿದ ಹಾಗೆ. "ಅದನ್ನ ನಾನು ಮುಟ್ಟಿಲ್ಲ. ಗೇನರ್ ಮಾಡಿದ್ದು. ನಾದಿದ್ದು ಅವಳು, ತೆನೆ ಅವಳದು, ಅಳತೆ ಅವಳದು. ನಾನು ಹೇಳಿದ ಅಳತೆದು ಬಟ್ಟೀಲಿ ಸಿಕ್ಕಿ ಮುರೀತು. ಈ ಸಲ ನಾನು ಸ್ಟೂಲ್ ಮೇಲೆ ಕೂತು ಎಲೆ ಸುದ್ದಿ ಹೇಳ್ತಿದ್ದೆ, ಅಷ್ಟೇ ನನ್ನ ಕೆಲಸ."

ಎಲ್ಲೋ ಒಂದು ಸೇಬು ಕಿಟಕಿಯಿಂದ ಬಿದ್ದು ಉರುಳಿತು.

ಆಮೇಲೆ ಮುಂದಿನ ಸಾಲಿನಿಂದ ಮಿಸೆಸ್ ಬೆಡ್ಡೋಸ್: "ಅಂತೂ ಹೇಳಿದ್ರಿ."

ಚರ್ಚಿಗೆ ಚರ್ಚೇ ನಕ್ಕಿತು. ಪಾದ್ರಿಯಮ್ಮನೂ. ಐವರ್ ನಕ್ಕೂ ನಕ್ಕೂ ಬೆಂಚು ಅಲ್ಲಾಡಿಸಿದ.

"ನಿಮಗೆ ಗೊತ್ತಿತ್ತಾ?" ಅಂತ ಮಿಸೆಸ್ ಬೆಡ್ಡೋಸ್‌ರನ್ನ ಕೇಳಿದೆ.

"ನನ್ನ ಮೊಮ್ಮಗಳ ಮದುವೆಗೆ ಗೇನರ್ ಹಾಕಿದ ಜಡೆ ರೀ ಅದು. ನೋಡಿದ ತಕ್ಷಣ ಗೊತ್ತಾಯ್ತು."

"ನನಗೆ ಹೋದ ಸೋಮವಾರ ಸಂಜೆಯಿಂದ ಗೊತ್ತು," ಅಂದ ಐವರ್. "ತಲೆಗೂದಲಲ್ಲಿ ಹಿಟ್ಟು ಮೆತ್ಕೊಂಡು ಆಲೂಗಡ್ಡೆ ತಗೊಳ್ಳೋಕೆ ಮನೆಗೆ ಬಂದಿದ್ಲು. ಕೈ ಸುಟ್ಟಿತ್ತು. ನಾನು ಕೇಳ್ಲಿಲ್ಲ, ಅವಳು ಹೇಳ್ಲಿಲ್ಲ."

"ಗೊತ್ತಿದ್ದೂ ನಿನ್ನೆ ನನ್ನ ಕೇಳಿದ್ರಾ, ಮಿಸೆಸ್ ಬೆಡ್ಡೋಸ್?"

"ನಿಮ್ಮ ಬಾಯಿಂದ ಬರತ್ತೋ ಇಲ್ವೋ ನೋಡೋಣ ಅಂತ. ನಿನ್ನೆ ಬರ್ಲಿಲ್ಲ. ಪಾದ್ರಿಯಮ್ಮನಿಗೂ ನಾನೇ ಹೇಳ್ಕೊಟ್ಟಿದ್ದು, ಎಬ್ಬಿಸಿ ನಿಲ್ಸಿ ಅಂತ."

ಇಂಥ ಹೆಂಗಸಿನ ಕೈಗೆ ಚರ್ಚಿನ ಬೀಗದಕೈ ಕೊಟ್ಟಿದ್ದಾರೆ.

ಆಮೇಲೆ ಗೇನರ್ ಎದ್ದು ನಿಲ್ಲಬೇಕಾಯಿತು. ಮುಖ ಕಾಡುಗುಲಾಬಿ ಕಾಯಿ. ಅವಳಿಗೆ ತಟ್ಟಿದ ಚಪ್ಪಾಳೆ ನನಗಿಂತ ಜಾಸ್ತಿ ಹೊತ್ತು ಇತ್ತು. ಅದರಲ್ಲಿ ಹೆಚ್ಚಿನ ಸದ್ದು ನಂದೇ, ಪ್ಲಾಸ್ಟರಿಗೆ ಬಡಿದದ್ದು.

ದಾರಿಯಲ್ಲಿ ಕೈ ಹಿಡಿದುಕೊಂಡಳು, ಮುರಿಯದ ಕೈಯನ್ನ.

"ಅದೆಲ್ಲ ಸರಿ ಮಾಮ, ಎಲೆ ಸುದ್ದಿ ಹೇಳ್ತಿದ್ದೆ ಅಂತ ಯಾಕೆ ಸೇರಿಸಿದೆ?"

"ಅದು ನನ್ನ ಪಾಲು. ಅದನ್ನೂ ಬಿಟ್ಟುಕೊಡ್ಲಾ?"

ಅಕ್ಟೋಬರ್ 8, ಬುಧವಾರ

ಇಡೀ ದಿನ ಗಾಳಿ. ಇವತ್ತು ನಿಜವಾಗಿಯೂ ಎಲೆ ಬಿತ್ತು. ಸಂತೆಕಟ್ಟೆ ಮೆಟ್ಟಿಲು ಮುಚ್ಚಿಹೋಗಿದೆ.

ಪಾರ್ಲರಿನಲ್ಲಿ ಎಲ್ಲರಿಗೂ ಸಿವುಡಿನ ಜಡೆಯೇ ಬೇಕಂತೆ. ಜಡೆ ಹಾಕುವಷ್ಟು ಕೂದಲು ಇಲ್ಲದವರಿಗೂ. ಕಲಿಸಿದವನು ನಾನು ಅಂತ ಅಂಗಡಿ ಬಾಗಿಲಲ್ಲಿ ನಿಂತು ಹೇಳಿದೆ. ಜಡೆ ಕಲಿಸಿದ್ದಲ್ಲ, ಸಿವುಡು. ಆ ವ್ಯತ್ಯಾಸ ಬಿಡಿಸಿ ಹೇಳೋಕೆ ಹೋಗಲಿಲ್ಲ.

ಅಕ್ಟೋಬರ್ 13, ಸೋಮವಾರ. ಬೆಳಿಗ್ಗೆ

ಮೊದಲ ಹಿಮ! ಮಾಡುಗಳೆಲ್ಲ ಬೆಳ್ಳಗೆ, ಹುಲ್ಲು ತುಳಿದರೆ ಕರಕರ. ಐವರ್ ಇನ್ನೂ ಎದ್ದಿಲ್ಲ, ಪರದೆ ಎಳೆದಿದೆ. ಹೋಗಿ ಕಿಟಕಿಗೆ ಒಂದು ಕುದುರೆಕಾಯಿ ಎಸೆದು ಬಂದೆ. ನಾನೇ ಮೊದಲು.

ವಾಪಸು ಬಂದರೆ ಬಟ್ಟಿಮನೆ ಹೊಗೆಕೊಳವೆಯಲ್ಲಿ ಹೊಗೆ. ಗೇನರ್‌ಗೆ ರಜೆ ದಿನ. ನನ್ನ ಕೇಳಲಿಲ್ಲ, ಹೇಳಲಿಲ್ಲ, ತಾನೇ ಬೆಂಕಿ ಹಾಕಿದ್ದಾಳೆ. ಇವತ್ತು ನೋಡೋ ಬ್ರೆಡ್ಡಲ್ಲ, ತಿನ್ನೋ ಬ್ರೆಡ್ಡಂತೆ. ಕಿಟಕಿಯ ಗೋಣಿಚೀಲ ತೆಗೆದು ಬಿಸಾಕಿದ್ದಾಳೆ. ಅಡುಗೆಮನೆ ಮೇಜಿನ ಮುಂದೆ ಕೂತು ಇದನ್ನು ಬರೀತಿದ್ದೇನೆ, ಅಲ್ಲಿಂದ ಕೂಗ್ತಿದ್ದಾಳೆ.

"ಮಾಮ, ಉಪ್ಪು ಎಷ್ಟು?"

"ಒಂದು ಹಿಡಿ."

"ಯಾರ ಹಿಡಿ? ನಿಂದಾ, ನಂದಾ?"

ಇದನ್ನ ಯಾರೂ ಯಾವತ್ತೂ ಕೇಳಿರಲಿಲ್ಲ. ಅಪ್ಪನಿದ್ದಾಗ ಅಪ್ಪನ ಹಿಡಿ, ಆಮೇಲೆ ನನ್ನದು. ಕೇಳೋ ಪ್ರಮೇಯವೇ ಬಂದಿರಲಿಲ್ಲ. ಬಲಗೈ ನೋಡಿಕೊಂಡೆ. ಪ್ಲಾಸ್ಟರಿನ ತುದಿಯಲ್ಲಿ ಐದು ಬೆರಳು, ಮಡಚೋಕೆ ಬರಲ್ಲ.

"ಮಾಮ! ನೀರು ಆರ್ತಿದೆ!"

ಬಂದೆ ಬಂದೆ. ಹೋಗಿ ಹೇಳ್ತೀನಿ, ನಿನ್ನ ಹಿಡೀನೇ ಹಾಕಮ್ಮ ಅಂತ. ಇನ್ಮೇಲೆ ಈ ಬಟ್ಟೀಲಿ ಎಲ್ಲ ಅವಳ ಹಿಡಿ ಲೆಕ್ಕವೇ.